ಹಿಂದಿನ ಸೀಟಿನ ಕೆಳಗೆ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಇಲಿಯ ಸದ್ದು ಕೇಳಬೇಕಾದರೆ ಕರೆಂಟು ಹೋಗಬೇಕಿತ್ತು. ಕರೆಂಟು ಇದ್ದಾಗ ಪ್ರೆಸ್ಸು, ಲೇತು, ಕಾಯಿಲ್ ಸುತ್ತುವ ಯಂತ್ರಗಳ ಗದ್ದಲದಲ್ಲಿ ಪಕ್ಕದವನು ಕೂಗಿದ್ದೂ ಕೇಳುತ್ತಿರಲಿಲ್ಲ. ಕರೆಂಟು ಹೋದ ಗಳಿಗೆ ಅವೆಲ್ಲ ಒಂದೊಂದಾಗಿ ಉಸಿರು ಬಿಟ್ಟು ನಿಂತುಬಿಡುತ್ತಿದ್ದವು. ಕೆಲಸಗಾರರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಆಗ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಬ್ಯಾಟರಿ ಕಾರಿನೊಳಗಿಂದ ಆ ಸದ್ದು ಶುರುವಾಗುತ್ತಿತ್ತು. ಕರ್... ಕರ್... ಸ್ವಲ್ಪ ಬಿಡುವು. ಮತ್ತೆ ಕರ್. ಯಾರೋ ತಾಳ್ಮೆಯಿಂದ ಹಪ್ಪಳ ತಿನ್ನುತ್ತಿರುವ ಹಾಗೆ.

ಉಳಿದವರಿಗೆ ಕರೆಂಟು ಹೋದರೆ ಖುಷಿ. ನಾನು ಮಾತ್ರ ಕೆಲಸ ಬಿಟ್ಟು ಶೆಡ್ಡಿನ ಕಡೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ.

ನಾನು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಆಗಲೇ ನಲವತ್ತು ದಾಟಿತ್ತು. ಹೆದರುವುದರಲ್ಲಿ ಮಾತ್ರ ನನ್ನದು ಹುಟ್ಟಿದಂದಿನಿಂದ ಒಂದು ದಿನವೂ ರಜೆಯಿಲ್ಲದ ಸರ್ವೀಸು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್ ಸ್ಟಾಪಿನವರೆಗೆ ಹೋಗಿ, ವಾಪಸ್ಸು ಬಂದು ಇನ್ನೊಂದು ಸಲ ಎಳೆದು ನೋಡುವವನು ನಾನು. ಬಸ್ಸಿನಲ್ಲಿ ಕೂತ ಮೇಲೆ, ಅಷ್ಟು ಜೋರಾಗಿ ಎಳೆದದ್ದರಿಂದಲೇ ಬೀಗ ಸಡಿಲವಾಗಿರಬಹುದೇ ಎಂಬ ಚಿಂತೆ. ಒಮ್ಮೆ ಕಾರ್ಖಾನೆಗಳ ಇನ್‌ಸ್ಪೆಕ್ಟರು ಬಂದು, ಅಪಾಯ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ ಎಂದು ಬರೆದು ಹೋದರು. ಮಾಲೀಕರು ನನ್ನನ್ನು ಕರೆದರು.

"ನೀವು ಹೇಗೂ ದಿನಾ ಬಿಟ್ಟಿಯಾಗಿ ಹೆದರ್ತೀರಲ್ಲ ಕಣ್ರೀ. ಅದನ್ನೇ ಡ್ಯೂಟಿ ಅಂದ್ಕೊಂಡು ಮಾಡಿ."

ಹಾಗೆ ಆ ಕಾರು ನನ್ನ ಪಾಲಿಗೆ ಬಂತು.

ನಮ್ಮದು ಬ್ಯಾಟರಿ ಚಾರ್ಜರು, ಸಣ್ಣ ಟ್ರಾನ್ಸ್‌ಫಾರ್ಮರು ಮಾಡುವ ಕಾರ್ಖಾನೆ. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಮಾಲೀಕರ ತಲೆಯಲ್ಲಿ ಒಂದೇ ಹುಳ: ಪೆಟ್ರೋಲಿಲ್ಲದ ಕಾರು. ಎಂಬತ್ತರ ದಶಕ ಶುರುವಾದ ಮೇಲೆ ಹುಳ ದೊಡ್ಡದಾಯಿತು. ಎಲ್ಲಿಂದಲೋ ಒಂದು ಹಳೇ ಕಾರು ತಂದು, ಇಂಜಿನ್ ಕಿತ್ತು ಗುಜರಿಗೆ ಹಾಕಿ, ಅಲ್ಲಿ ಒಂದು ಮೋಟಾರು ಕೂರಿಸಿದರು. ಹನ್ನೆರಡು ಬ್ಯಾಟರಿ. ನಾಲ್ಕು ಮುಂದೆ ಬಾನೆಟ್ಟಿನ ಕೆಳಗೆ, ಎಂಟು ಹಿಂದಿನ ಸೀಟಿನ ಅಡಿಯಲ್ಲಿ ಒಂದು ಪೆಟ್ಟಿಗೆಯೊಳಗೆ. ಅಂದರೆ ಹಿಂದೆ ಕೂತವರು ಎಂಟು ಬ್ಯಾಟರಿಗಳ ಮೇಲೆ ಕೂತ ಹಾಗೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಯಾರೂ ಕೂರದ ಕಾರನ್ನು ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅನ್ನಿಸಿತ್ತು.

ಪೆಟ್ಟಿಗೆಯಲ್ಲಿ ಬ್ಯಾಟರಿಗಳು ಅಲುಗಾಡಬಾರದು ಅಂತ ಅದರ ಒಳಮೈಗೆಲ್ಲ ಒರಟು ಕಂಬಳಿಯಂಥ ದಪ್ಪ ಬಟ್ಟೆ ಅಂಟಿಸಬೇಕಿತ್ತು. ಅದಕ್ಕೆ ಶಿವಾಜಿನಗರದಿಂದ ಸೀಟು ಹೊಲಿಯುವ ಸಾಹೇಬರು ಬಂದರು. ಬಿಳಿ ಗಡ್ಡ, ಕಿವಿಯ ಮೇಲೆ ಸೀಮೆಸುಣ್ಣ. ಅವರು ಸಲ್ಯೂಷನ್ ಅಂಟಿನ ಡಬ್ಬದ ಮುಚ್ಚಳ ತೆಗೆದರು. ಪೆಟ್ರೋಲಿನಂಥ ವಾಸನೆ ಶೆಡ್ಡೆಲ್ಲ ಹರಡಿತು. ನಾನು ಓಡಿದೆ.

"ಸಾಹೇಬ್ರೇ, ಇದಕ್ಕೆ ಬೆಂಕಿ ಹತ್ತುತ್ತಾ?"

"ಕಡ್ಡಿ ಗೀರಿದ್ರೆ ಹತ್ತುತ್ತೆ ಸಾರ್. ನಾನ್ಯಾಕೆ ಗೀರ್ಲಿ? ನಲವತ್ತು ವರ್ಷದಿಂದ ಇದೇ ಹಚ್ತಾ ಇದೀನಿ. ಒಂದ್ ಗಾಡಿನೂ ಸುಟ್ಟಿಲ್ಲ."

"ಆ ಗಾಡಿಗಳಲ್ಲಿ ಸೀಟಿನ ಕೆಳಗೆ ಎಂಟು ಬ್ಯಾಟರಿ ಇತ್ತಾ?"

"ಇಲ್ಲ."

"ನೋಡಿ ಮತ್ತೆ!"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮತ್ತೇನ್ ಹಚ್ಲಿ ಸಾರ್? ಬೆಲ್ಲದ ಪಾಕ?"

ಕೊನೆಗೆ ಮೈದಾ ಅಂಟು ಎಂದು ತೀರ್ಮಾನವಾಯಿತು. ಬೆಂಕಿ ಹತ್ತುವುದಿಲ್ಲ, ವಾಸನೆ ಇಲ್ಲ. ಕ್ಯಾಂಟೀನಿನ ಒಲೆಯಲ್ಲೇ ದೊಡ್ಡ ಪಾತ್ರೆಗೆ ನೀರಿಟ್ಟು ಕಾಯಿಸಿದರು. ಅಂಟು ಗಟ್ಟಿಯಾಗುವಾಗ ಸಾಹೇಬರು ಜೇಬಿನಿಂದ ಒಂದು ಪೊಟ್ಟಣ ತೆಗೆದು, "ಸ್ವಲ್ಪ ಮೈಲುತುತ್ತ ಹಾಕ್ತೀನಿ, ಹುಳ ಗಿಳ ಮುಟ್ಟಲ್ಲ. ಪುಸ್ತಕ ಬೈಂಡ್ ಮಾಡೋರೂ ಹಾಕ್ತಾರೆ," ಎಂದರು. ನೀಲಿ ಹರಳು. ಅದು ವಿಷ ಎಂದು ನನಗೆ ಗೊತ್ತಿತ್ತು. ಕ್ಯಾಂಟೀನಿನ ಪಾತ್ರೆ, ಕೈ ತೊಳೆಯದ ಕೆಲಸಗಾರರು, ಮಧ್ಯಾಹ್ನದ ಊಟ ಎಲ್ಲವೂ ಕಣ್ಣ ಮುಂದೆ ಬಂದವು. ಬೇಡವೇ ಬೇಡ ಎಂದೆ.

"ಸಾರ್, ಇದು ಕಾರಾ, ದೋಸೆನಾ?" ಎಂದು ಕೇಳಿ ಸಾಹೇಬರು ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿದರು. ನಾಲ್ಕು ದಿನ ಅಂಟಿಸಿ, ಅದರ ಮೇಲೆ ಸೀಟು ಹೊಲಿದು ಕೂರಿಸಿ ಹೋದರು. ಒಂದು ದೊಡ್ಡ ಬೆಂಕಿ ಅನಾಹುತ ತಪ್ಪಿಸಿದೆ ಎಂದು ನಾನು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಅಂಥ ನಿದ್ದೆ ನನಗೆ ಅಪರೂಪ. ಅದರಿಂದಲೇ ಅನುಮಾನ ಬರಬೇಕಿತ್ತು.

ಆಮೇಲೆ ಕೊಯಮತ್ತೂರಿನಿಂದ ಬರಬೇಕಾದ ಯಾವುದೋ ಭಾಗ ಬರಲಿಲ್ಲ. ಕಾರಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದರು. ಅದು ಹಾಗೇ ನಿಂತಿರುವಾಗ ಕಾರ್ಖಾನೆಯಲ್ಲಿ ಗಣಪತಿ ಕೂರಿಸಿದರು. ಮನೆಯವರನ್ನೆಲ್ಲ ಪ್ರಸಾದಕ್ಕೆ ಕರೆಯುವ ಪದ್ಧತಿ. ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಬಂದಿದ್ದರು. ಮಗಳು ಟಾರ್ಪಾಲಿನೊಳಗೆ ತೂರಿ ಹಿಂದಿನ ಸೀಟಿನಲ್ಲಿ ಮಹಾರಾಣಿಯ ಹಾಗೆ ಕೂತುಬಿಟ್ಟಳು. ಮಾಲೀಕರಿಗೆ ಅದು ಬಹಳ ಹಿಡಿಸಿತು.

"ಆಯುಧಪೂಜೆ ಹೊತ್ತಿಗೆ ಗಾಡಿ ರೆಡಿ. ಮೊದಲನೇ ಸವಾರಿ ನಿನ್ನದೇ ಪುಟ್ಟಿ. ನಿಮ್ಮಪ್ಪ ಬೇಡ ಅಂದ್ರೆ ಅವರನ್ನ ಇಲ್ಲೇ ಬಿಟ್ಟು ಹೋಗೋಣ," ಎಂದು ಎಲ್ಲರ ಮುಂದೆ ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾಲೀಕರು ನಗುವಾಗ ನಗದೇ ಇರುವ ಧೈರ್ಯ ನನ್ನಲ್ಲಿರಲಿಲ್ಲ.

ಅದರ ಮಾರನೇ ದಿನವೇ ಕರೆಂಟು ಹೋಗಿ, ಆ ಕರಕರ ಮೊದಲ ಸಲ ಕೇಳಿದ್ದು.

ನಾನು ವೈರಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಅವರು ಬಾಗಲಗುಂಟೆಯವರು. ನಮ್ಮ ಶೆಡ್ಡು ಇರುವ ಜಾಗ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ. ಕಾಂಪೌಂಡಿನ ಬೇಲಿಯಾಚೆ ಇನ್ನೂ ಒಂದು ತುಂಡು ಉಳಿದಿತ್ತು, ಅದರಲ್ಲಿ ಅವರ ಅಣ್ಣ ಈಗಲೂ ರಾಗಿ ಬಿತ್ತುತ್ತಿದ್ದರು. ಕಾರಿನ ವೈರಿಂಗೆಲ್ಲ ಮೇಸ್ತ್ರಿಯ ಕೈಯದೇ. ಓಡಿಸುವವರೂ ಅವರೇ.

"ಇಲಿ ಬಂದಿದೆ ಮೇಸ್ತ್ರಿ. ವೈರ್ ಕಡಿದ್ರೆ?"

"ಬತ್ತದೆ ಬುಡಿ ಸಾ. ಅವು ನಮ್ ಒಲದ ಇಲಿ. ನಿಮ್ ಫ್ಯಾಟ್ರಿ ಬರಕ್ ಮುಂಚಿಂದ್ಲೂ ಇಲ್ಲೇ ಅವೆ."

"ಬೋನು ಇಡೋಣ."

ಮೇಸ್ತ್ರಿ ಕೈ ಮುಗಿದು ನಾಲಿಗೆ ಕಚ್ಚಿಕೊಂಡರು. "ಗಣ್ಪತಿ ಕೂತವ್ನೆ ಸಾ! ಅವ್ನ್ ಎದುರ್ಗೇ ಇಲಿ ಇಡಿಯಾದಾ? ಬುಟ್ಬಂದ್ ಮ್ಯಾಲೆ ನೋಡವಾ."

ನಮ್ಮ ಗಣಪತಿ ಹನ್ನೊಂದು ದಿನ ಕೂತಿದ್ದ. ಹನ್ನೊಂದು ದಿನ ಮುಂದೆ ಕಡುಬು, ಹಿಂದೆ ಕರಕರ.

ವಿಸರ್ಜನೆ ಮುಗಿದ ಮಾರನೇ ಬೆಳಿಗ್ಗೆಯೇ ಬೋನು ಇಟ್ಟೆ. ಕ್ಯಾಂಟೀನಿನ ಬಿಸಿ ಮಸಾಲೆ ವಡೆ ಸಿಕ್ಕಿಸಿದೆ. ಮೂರು ದಿನವಾದರೂ ವಡೆ ಹಾಗೇ ಇತ್ತು, ಕಲ್ಲಿನಂತಾಗಿತ್ತು. ಕೊಬ್ಬರಿ ಇಟ್ಟೆ, ಮುಟ್ಟಲಿಲ್ಲ. ಕಾರಿನೊಳಗೆ ಅದಕ್ಕಿಂತ ರುಚಿಯಾದದ್ದೇನೋ ಸಿಗುತ್ತಿದೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು, ನನಗೆ ಹೊಳೆಯಲಿಲ್ಲ. ನಾನು ಬೇರೆ ಚಿಂತೆಯಲ್ಲಿದ್ದೆ: ಇಲಿ ಹಿಂದೆ ಹಾವು ಬಂದರೆ? ಟಾರ್ಪಾಲು ಎತ್ತುವ ಮುಂಚೆ ಉದ್ದನೆ ಕಬ್ಬಿಣದ ಸರಳಿನಿಂದ ನೆಲ ಕುಟ್ಟುವುದನ್ನು ಅಭ್ಯಾಸ ಮಾಡಿಕೊಂಡೆ. ಪಾಷಾಣ ಇಡೋಣ ಎಂದು ಯಾರೋ ಹೇಳಿದಾಗ, ಇಲಿ ಅದನ್ನು ತಿಂದು ಪೆಟ್ಟಿಗೆಯೊಳಗೆ ಹೋಗಿ ಸತ್ತರೆ ಎಂದು ಬೇಡವೆಂದೆ. ಮೇಸ್ತ್ರಿ ತಮ್ಮ ಮನೆಯ ಬೆಕ್ಕನ್ನು ಚೀಲದಲ್ಲಿ ತಂದು ಬಿಟ್ಟರು. ಬೆಕ್ಕು ಮುಂದಿನ ಸೀಟಿನಲ್ಲಿ ಒಂದು ವಾರ ಮಲಗಿ, ಕ್ಯಾಂಟೀನಿನ ಹಾಲು ಕುಡಿದು, ತಾನೇ ನಡೆದುಕೊಂಡು ಬಾಗಲಗುಂಟೆಗೆ ವಾಪಸ್ಸು ಹೋಯಿತಂತೆ.

ನುಸಿಗುಳಿಗೆ ತಂದು ಕಾರಿನ ಮೂಲೆಮೂಲೆಗೂ ಹಾಕಿದೆ. ಬಾಗಿಲು ತೆರೆದರೆ ಕಣ್ಣುರಿ.

"ಇನ್ನೊಂದೆಲ್ಡ್ ರೇಸ್ಮೆ ಸೀರೆ ಮಡ್ಗಿ ಸಾ, ಬೀರು ಆಯ್ತದೆ," ಎಂದರು ಮೇಸ್ತ್ರಿ.

ಆದರೆ ಅವರೂ ಒಂದು ದಿನ ಬಾನೆಟ್ ಎತ್ತಿದವರು ನನ್ನನ್ನು ಕೂಗಿ ಕರೆದರು. ಹಾರನ್ನಿನ ಸಣ್ಣ ವೈರಿನ ಮೇಲೆ ಸಾಲಾಗಿ ಹಲ್ಲಿನ ಗುರುತು. ಅದನ್ನು ಬದಲಾಯಿಸಿ, ಕೈಗೆ ಸಿಗುವ ಕಡೆಯೆಲ್ಲ ಟೇಪು ಸುತ್ತಿದರು. ಹಿಂದಿನ ಪೆಟ್ಟಿಗೆಯೊಳಗೆ ಮೇಲಿನ ಸಂದಿಯಿಂದ ಟಾರ್ಚು ಬಿಟ್ಟು ನೋಡಿದರು. "ಏನೂ ಕಾಣಲ್ಲ. ಪೂರ್ತಿ ನೋಡ್ಬೇಕಂದ್ರೆ ಸೀಟ್ ಬಿಚ್ಚಿ ಎಂಟೂ ಬ್ಯಾಟ್ರಿ ಎತ್ಬೇಕು. ಅರ್ಧ ದಿನದ್ ಕೆಲ್ಸ," ಎಂದರು. ಅಷ್ಟರಲ್ಲಿ ಕೊಯಮತ್ತೂರಿನ ಭಾಗ ಬಂತು. ಮೇಸ್ತ್ರಿ ಅದನ್ನು ಕೂರಿಸುವುದರಲ್ಲಿ ಮುಳುಗಿದರು. ಒಬ್ಬರೇ ಮುಂದೆ ಕೂತು ಶೆಡ್ಡಿನೊಳಗೇ ಕಾರನ್ನು ನಾಲ್ಕು ಗಜ ಮುಂದೆ, ನಾಲ್ಕು ಗಜ ಹಿಂದೆ ಓಡಿಸಿದರು. ಸದ್ದೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸೀಟನ್ನು ನೋಡುತ್ತಿದ್ದೆ. ಅದು ಖಾಲಿಯಿತ್ತು.

ಆಯುಧಪೂಜೆಗೆ ಇನ್ನು ಎರಡು ದಿನವಿತ್ತು. ಸಂಜೆ ಮನೆಗೆ ಬಂದಾಗ ಮಗಳು ಅಳುಮುಖ ಮಾಡಿಕೊಂಡು ಕೂತಿದ್ದಳು. ದಸರಾ ರಜೆಯೆಂದು ಮಂಚದ ಕೆಳಗಿಟ್ಟಿದ್ದ ಅವಳ ಲೆಕ್ಕದ ನೋಟ್‌ಬುಕ್ಕನ್ನು ಇಲಿ ತಿಂದಿತ್ತು.

"ನೋಡಪ್ಪ, ಬೈಂಡು ಮಾತ್ರ ತಿಂದಿದೆ. ಲೆಕ್ಕ ಎಲ್ಲ ಹಾಗೇ ಇದೆ. ಲೆಕ್ಕ ತಿಂದಿದ್ರೆ ಮಿಸ್ ಏನೂ ಅಂತಿರ್ಲಿಲ್ಲ."

ನಾನು ಪುಸ್ತಕ ತೆಗೆದುಕೊಂಡು ನೋಡಿದೆ. ಕಂದು ಕಾಗದದ ಹೊದಿಕೆ ನಾನೇ ಹಾಕಿದ್ದು, ಅಡುಗೆಮನೆಯಲ್ಲಿ ಮೈದಾ ಕಾಯಿಸಿ ಅಂಟಿಸಿದ್ದು. ಅಂಟು ಎಲ್ಲೆಲ್ಲಿ ಹಚ್ಚಿದ್ದೆನೋ ಅಲ್ಲಷ್ಟೇ ಇಲಿ ಕಡಿದಿತ್ತು. ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ, ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ.

ಪುಸ್ತಕವನ್ನು ದೀಪದ ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದೆ. ಕಾರಿನ ಆ ಪೆಟ್ಟಿಗೆಯ ಒಳಮೈಗೆ ನಾಲ್ಕು ದಿನ ಹಚ್ಚಿದ್ದು ಒಂದು ಪಾತ್ರೆ ಅಂಟಲ್ಲ, ಆರು ಪಾತ್ರೆ. ಮೈಲುತುತ್ತವಿಲ್ಲದ, ಶುದ್ಧವಾದ, ಯಾರಾದರೂ ತಿನ್ನಬಹುದಾದ ಮೈದಾ. ಬಟ್ಟೆಯ ಹಿಂದೆಯೇ ದಪ್ಪ ವೈರುಗಳು. ಅದರ ಮೇಲೆ ಸೀಟು. ಸೀಟಿನ ಮೇಲೆ...

ಹೆಂಡತಿಗೆ ಹೇಳಿದೆ. ಅವಳು ಒಲೆ ಆರಿಸಿ ಬಂದು ನನ್ನ ಮುಂದೆ ಕೂತಳು.

"ನಾಳೆ ಹೋಗಿ ಹೇಳ್ರೀ."

"ನಾನೇ ಹಾಕಿಸಿದ್ದು ಅಂತ ಗೊತ್ತಾದ್ರೆ ಎಲ್ಲಾ ನಗ್ತಾರೆ ಕಣೆ. ಮಾಲೀಕರು ಏನಂತಾರೋ. ಕೆಲ್ಸಾನೇ ಹೋದ್ರೆ?"

"ಇಷ್ಟು ವರ್ಷ ಇಲ್ಲದ್ದಕ್ಕೆಲ್ಲ ಹೆದರಿದ್ರಿ. ಇವತ್ತು ಇರೋದಕ್ಕೆ ಹೆದರೋಕೆ ಏನು ನಾಚಿಕೆ?"

ಮಾರನೇ ದಿನ ಹೇಳಲೆಂದೇ ಹೋದೆ. ಕಾರ್ಖಾನೆ ತೊಳೆಯುತ್ತಿದ್ದರು. ಮಾವಿನ ತೋರಣ, ಬಾಳೆಕಂದು, ಕಾರಿಗೆ ಹೊಸ ಬಣ್ಣ. ಮಾಲೀಕರು ಗುನುಗುತ್ತ ಓಡಾಡುತ್ತಿದ್ದರು. ಅವರ ಹತ್ತಿರ ಮೂರು ಸಲ ಹೋದೆ. ಮೊದಲ ಸಲ ಹೂವಿನ ವಿಷಯ ಕೇಳಿ ಬಂದೆ, ಎರಡನೇ ಸಲ ಕುಂಬಳಕಾಯಿ ಎಷ್ಟು ಎಂದು ಕೇಳಿದೆ. ಮೂರನೇ ಸಲ ಅವರೇ, "ಏನ್ರೀ, ಬೆಳಿಗ್ಗೆಯಿಂದ ಸುತ್ತು ಹಾಕ್ತಿದೀರಿ, ಪ್ರದಕ್ಷಿಣೆಯಾ?" ಎಂದರು. ನಾನು ನಕ್ಕು ವಾಪಸ್ಸು ಬಂದೆ. ಮೇಸ್ತ್ರಿ ಟೇಪು ಸುತ್ತಿದ್ದಾರೆ, ಶೆಡ್ಡಿನೊಳಗೆ ಓಡಿಸಿಯೂ ನೋಡಿದ್ದಾರೆ, ಏನೂ ಆಗಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ನಾನು ನನಗೆ ಧೈರ್ಯ ಹೇಳಿಕೊಂಡದ್ದು. ಅದಕ್ಕೆ ನಾನು ಆರಿಸಿಕೊಂಡ ದಿನ ನೋಡಿ.

ಪೂಜೆಯ ಬೆಳಿಗ್ಗೆ ಮಗಳು ಹಸಿರು ಲಂಗ ಉಟ್ಟು, ಎರಡು ಜಡೆಗೂ ಕನಕಾಂಬರ ಮುಡಿದು ಬಂದಳು. ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ. ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲ ದೇವರ ಮುಂದೆ ಮಣೆಯ ಮೇಲೆ ಸಾಲಾಗಿ ಮಲಗಿದ್ದವು. ಪೂಜೆಗಿಟ್ಟ ಮೇಲೆ ಆವತ್ತು ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಮಂಗಳಾರತಿ ಆಯಿತು. ಕಾರಿನ ಮುಂದೆ ಕುಂಬಳಕಾಯಿ ಒಡೆದರು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮೇಸ್ತ್ರಿ ಕಣ್ಣಿಗೊತ್ತಿಕೊಂಡು ಸ್ಟೇರಿಂಗ್ ಹಿಡಿದು ಕೂತರು. ಅವರ ಪಕ್ಕದಲ್ಲಿ ಮಾಲೀಕರು. ಹಿಂದಿನ ಬಾಗಿಲು ತೆರೆದಿತ್ತು.

"ಬಾ ಪುಟ್ಟಿ, ನಿನ್ನ ಸಿಂಹಾಸನ."

ಮಗಳು ಲಂಗ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟಳು. ಆಗ ನನಗೆ ಅವಳ ಲೆಕ್ಕದ ಪುಸ್ತಕ ಕಾಣಿಸಿತು. ಆ ಗೆರೆ, ಪಟ್ಟಿ ಇಟ್ಟು ಎಳೆದಂಥ ಗೆರೆ.

"ಬೇಡ!"

ಆ ಕೂಗು ನನ್ನದೇ. ಓಡಿ ಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಅವಳು ಹಿಂದಕ್ಕೆ ಮುಗ್ಗರಿಸಿದಳು, ಕನಕಾಂಬರ ಉದುರಿತು. ಮೊದಲು ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ.

"ಶುರುವಾಯ್ತಾ ಸಾರ್ ನಿಮ್ದು?" ಎಂದರು ಯಾರೋ ಹಿಂದಿನಿಂದ.

"ಆ ಪೆಟ್ಟಿಗೆ ಒಳಗೆ ಇರೋದು ಮೈದಾ ಅಂಟು," ಎಂದೆ. ನನ್ನ ಧ್ವನಿ ನನಗೇ ಕೀರಲಾಗಿ ಕೇಳಿತು. "ಸಲ್ಯೂಷನ್ ಬೇಡ ಅಂತ ನಾನೇ ಹಾಕಿಸಿದ್ದು. ಮೈಲುತುತ್ತಾನೂ ನಾನೇ ಬೇಡ ಅಂದಿದ್ದು. ಇಲಿ ತಿಂತಿರೋದು ಅದನ್ನ. ಮೊನ್ನೆಯಿಂದ ನಂಗೆ ಗೊತ್ತು. ನಾನು ಹೇಳ್ಲಿಲ್ಲ."

ಮೇಸ್ತ್ರಿ ನಗುವುದನ್ನು ನಿಲ್ಲಿಸಿ ಕೆಳಗಿಳಿದರು. ಕಾರಿನ ಮೈನ್ ಸ್ವಿಚ್ಚು ಕೆಳಗೆ ಎಳೆದರು. ದೇವರ ಮುಂದಿನ ಮಣೆಯ ಹತ್ತಿರ ಹೋಗಿ ನಿಂತರು. ಕುಂಕುಮ ಹಚ್ಚಿದ ಸ್ಪ್ಯಾನರನ್ನು ನೋಡಿದರು, ಮಾಲೀಕರನ್ನು ನೋಡಿದರು. ಮಾಲೀಕರ ಮುಖ ಗಟ್ಟಿಯಾಗಿತ್ತು. ಪೂಜೆಯ ದಿನ ಆಯುಧ ಎತ್ತಿಸುವುದೆಂದರೆ ಸಾಮಾನ್ಯವೇ? ಅವರು ದೇವರ ಕಡೆ ಒಮ್ಮೆ ನೋಡಿ, ಹೂಂ ಎಂದು ತಲೆ ಆಡಿಸಿದರು. ಮೇಸ್ತ್ರಿ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ತಾಯಿ," ಎಂದು ಎತ್ತಿಕೊಂಡರು.

ಸೀಟಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುವಾಗ ನನಗೆ ಹೊಸದೊಂದು ಭಯ ಹತ್ತಿತು: ಒಳಗೆ ಏನೂ ಇಲ್ಲದಿದ್ದರೆ? ಐವತ್ತು ಜನ ನೋಡುತ್ತಿದ್ದಾರೆ. ಇಲಿ ಇರಲಿ ದೇವರೇ ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದು ನೆನಪಾದರೆ ಇಂದಿಗೂ ನನಗೆ ನನ್ನ ಬಗ್ಗೆ ಅಸಹ್ಯವಾಗುತ್ತದೆ.

ಇತ್ತು. ಮೂಲೆಯ ಬ್ಯಾಟರಿ ಎತ್ತಿ ಬಟ್ಟೆ ಸರಿಸಿದಾಗ ಪೆಟ್ಟಿಗೆಯ ಮೇಲಂಚಿನ ಹತ್ತಿರ ಕಂಡಿತು. ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ, ಹತ್ತಿಯ ಹಾಗೆ ಮೆತ್ತಗೆ ಮಾಡಿ ಕಟ್ಟಿದ ಗೂಡು. ಅದರಲ್ಲಿ ಕಣ್ಣು ಬಿಡದ ಐದು ಮರಿ, ಹೆಬ್ಬೆರಳಿನ ತುದಿಯಷ್ಟು, ನಸುಗೆಂಪು. ತಾಯಿ ಇಲಿ ಎಲ್ಲರ ಕಾಲುಗಳ ನಡುವೆ ಓಡಿ ಮಾಯವಾಯಿತು. ಮೇಸ್ತ್ರಿ ಗೂಡನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಅದು ಇದ್ದ ಜಾಗದಲ್ಲಿ ಒಂದರ ಕೆಳಗೊಂದು ಹಾಯ್ದಿದ್ದ ಎರಡು ದಪ್ಪ ವೈರುಗಳು, ಮೇಲೆ ಕೆಂಪು, ಕೆಳಗೆ ಕಪ್ಪು. ಬಟ್ಟೆಯ ಅಂಟು ವೈರಿಗೂ ಮೆತ್ತಿಕೊಂಡಿತ್ತಲ್ಲ, ಎರಡರ ಹೊದಿಕೆಯೂ ಒಂದೇ ಕಡೆ ಪೂರ್ತಿ ಹೋಗಿತ್ತು. ತಾಮ್ರ ಹೊಸದಾಗಿ ಹೊಳೆಯುತ್ತಿತ್ತು. ಎರಡರ ಮಧ್ಯೆ ಒಂದು ಬೆರಳು ತೂರುವಷ್ಟು ಸಂದು. ಆ ಸಂದಿಯಲ್ಲಿ ಇಷ್ಟು ದಿನ ಇದ್ದದ್ದು ಆ ಗೂಡು, ಅಷ್ಟೇ.

ಮೇಸ್ತ್ರಿ ಸೀಟನ್ನು ತಂದು ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತಿದರು. ಕೆಳಗಿನ ಸ್ಪ್ರಿಂಗು ಇಳಿದು ಕೆಂಪು ವೈರನ್ನು ಕಪ್ಪು ವೈರಿನ ಕಡೆಗೆ ತಳ್ಳಿತು. ಬೆರಳಿನ ಸಂದು ಕಡ್ಡಿಯ ಸಂದಾಯಿತು. ಅವರು ಕೈ ತೆಗೆದುಬಿಟ್ಟರು.

"ಮುಂದೆ ಕೂತ್ಕಂಡು ನಾನೊಬ್ನೇ ಓಡ್ಸಿದ್ದಲ್ವಾ ಸಾ. ಇಂದೆ ಯಾರೂ ಕೂತಿರ್ನಿಲ್ಲ," ಎಂದರು. ಅವರ ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು.

ಮಾಲೀಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಮಗಳು ದೂರದಲ್ಲಿ ಅಮ್ಮನ ಸೆರಗು ಹಿಡಿದು, ನನ್ನ ಬೆರಳಚ್ಚು ಮೂಡಿದ್ದ ರಟ್ಟೆ ಉಜ್ಜಿಕೊಳ್ಳುತ್ತ ನಿಂತಿದ್ದಳು. ಮಾಲೀಕರು ಅವಳನ್ನೇ ನೋಡಿದರು. ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಎರಡು ದಿನ ಸುಮ್ನಿದ್ರಲ್ರೀ," ಎಂದರು, ಅಷ್ಟೇ. ಎಷ್ಟೋ ಬಗೆಯ ಅಪಾಯಗಳ ಪಟ್ಟಿ ನನ್ನ ತಲೆಯಲ್ಲಿತ್ತು. ಆ ಪಟ್ಟಿಯಲ್ಲಿ ನಾನೇ ಇದ್ದೇನೆಂದು ನನಗೆ ಗೊತ್ತಿರಲಿಲ್ಲ.

ಆ ದಿನ ಕಾರು ನಿಂತಲ್ಲೇ ನಿಂತು ಪೂಜೆ ಮುಗಿಸಿಕೊಂಡಿತು. ನಿಂಬೆಹಣ್ಣುಗಳು ಚಕ್ರದ ಕೆಳಗೆ ಹಾಗೇ ಒಣಗಿದವು. ಮಗಳು ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು. ಎಲ್ಲರ ಮುಂದೆ ಎಳೆದದ್ದಕ್ಕೆ, ಹೂವು ಬಿದ್ದದ್ದಕ್ಕೆ.

ಬಟ್ಟೆಯನ್ನೆಲ್ಲ ಕಿತ್ತರು. ಪೆಟ್ಟಿಗೆ ತೊಳೆದು ಒಣಗಿಸಿ ರಬ್ಬರ್ ಹಾಳೆಯನ್ನು ಸ್ಕ್ರೂ ಹಾಕಿ ಕೂರಿಸಿದರು, ಅಂಟೇ ಇಲ್ಲ. ವೈರುಗಳನ್ನು ಬದಲಿಸಿ ಕಬ್ಬಿಣದ ಪೈಪಿನೊಳಗೆ ತೂರಿಸಿದರು. ಬೆರಳು ತೂರುವ ಸಂದಿಗೆಲ್ಲ ಜಾಲರಿ ಬಡಿದರು. ಪ್ರತಿ ಜಾಲರಿಯನ್ನೂ ನಾನು ಎಳೆದು ನೋಡಿದೆ. ಈ ಸಲ ಯಾರೂ ನಗಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಆಮೇಲೆ ಒಂದು ವಾರ ಕರೆಂಟು ಹೋದಾಗಲೆಲ್ಲ ಮೇಸ್ತ್ರಿಯೂ ನಾನೂ ಕಾರಿಗೆ ಕಿವಿಯಿಟ್ಟು ನಿಂತೆವು. ಏನೂ ಕೇಳಲಿಲ್ಲ.

ಅದಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಮಗಳನ್ನು ಕರೆತಂದೆ. ಹಿಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ನಾನು. ನನ್ನ ಭಾರವನ್ನೆಲ್ಲ ಕಾಲಿನ ಮೇಲೇ ಹೊತ್ತು, ಸೀಟಿನ ಮೇಲೆ ಕೂತೂ ಕೂರದ ಹಾಗೆ ಕೂತಿದ್ದೆ.

"ಓಗಾದಾ ಸಾ?" ಎಂದರು ಮೇಸ್ತ್ರಿ.

ನಾನು ಹೂಂ ಎನ್ನುವ ಮುಂಚೆಯೇ ಕಾರು ಹೊರಟಿತ್ತು. ಸದ್ದಿಲ್ಲದೆ ಶೆಡ್ಡಿನಿಂದ ಬಿಸಿಲಿಗೆ ಬಂತು. ನಾನು ಮೂಗರಳಿಸಿ ಸುಟ್ಟ ವಾಸನೆ ಹುಡುಕುತ್ತಿದ್ದೆ. ನುಸಿಗುಳಿಗೆಯದು ಬಿಟ್ಟು ಬೇರೆ ವಾಸನೆಯಿರಲಿಲ್ಲ.

"ಅಪ್ಪಾ, ಉಸಿರು ಬಿಡು," ಎಂದಳು ಮಗಳು.

ಬಿಟ್ಟೆ. ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಕೈ ಒಳಗೆ ತಗೋ ಎಂದೆ. ಕಾರು ಬೇಲಿಯುದ್ದಕ್ಕೂ ಸಾಗಿ ಗೇಟಿನ ಕಡೆ ತಿರುಗಿತು.

"ಆ ಮರಿಗಳು ಏನಾದ್ವು ಮೇಸ್ತ್ರಿ ಮಾಮ?"

"ಅಬ್ಬದ್ ದಿನ ಸಾಯ್ಸಕ್ ಆಯ್ತದಾ ಮಗಾ? ಗೂಡ್ ಸಮೇತ ಬೇಲಿ ಆಚೆ ನಮ್ ಒಲಕ್ಕೇ ಬುಟ್ಬಂದೆ. ಅವ್ರವ್ವ ಬಂದ್ ಕರ್ಕಂಡೋದ್ಲು. ನಾನೇ ನೋಡ್ದೆ."

ಮಗಳು ಚಪ್ಪಾಳೆ ತಟ್ಟಿದಳು. ನಾನು ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಬೇಲಿಯಾಚೆ ರಾಗಿ ತೆನೆ ಕಟ್ಟಿ ನಿಂತಿತ್ತು. ಕಟಾವಾದ ಮೇಲೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ಬೇಲಿಯಿಂದ ಶೆಡ್ಡಿಗೆ ಎಷ್ಟು ಹೆಜ್ಜೆ ಇರಬಹುದು ಎಂದು ನಾನು ಆಗಲೇ ಎಣಿಸತೊಡಗಿದ್ದೆ.